‘ಓನ್ಲಿ’ ಪದದ ಅರ್ಥ ಮತ್ತು ಬಳಕೆ

ಇಂಗ್ಲಿಷಿನ ‘ಓನ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ‘ಮಾತ್ರ’, ‘ಅಷ್ಟೇ’ ಎಂಬ ಅರ್ಥಗಳಿವೆ. ಅದು ಉಳಿದುದನ್ನು ಹೊರಗಿಡುವ ಪದ. ಅದರ ಸ್ಥಾನ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಓನ್ಲಿ ರವಿ ಏಟ್ ರೈಸ್’ ಎಂದರೆ ಅನ್ನ ಉಂಡವನು ರವಿ ಮಾತ್ರ. ‘ರವಿ ಏಟ್ ಓನ್ಲಿ ರೈಸ್’ ಎಂದರೆ ರವಿ ಉಂಡದ್ದು ಅನ್ನವನ್ನು ಮಾತ್ರ.

‘ಪಾಠವನ್ನು ನಿನ್ನೆಯೇ ಮುಗಿಸಿದೆ’ ಎನ್ನಲು ನಮ್ಮ ಮಕ್ಕಳು ‘ಐ ಫಿನಿಶ್ಡ್ ದ ಲೆಸನ್ ಯೆಸ್ಟರ್ಡೇ ಓನ್ಲಿ’ ಎನ್ನುವುದುಂಟು. ಇಂಗ್ಲಿಷ್ ರೂಢಿಯಲ್ಲಿ ಅದಕ್ಕೆ ‘ನಿನ್ನೆಯಷ್ಟೇ ಮುಗಿಸಿದೆ’ ಎಂಬ ಅರ್ಥ ಬರುತ್ತದೆ. ಬೇಗ ಮುಗಿಸಿದ ಮಗು ತಡಮಾಡಿದಂತೆ ತೋರುತ್ತದೆ.

ಇದಕ್ಕೆ ಕಾರಣ ಕನ್ನಡದ ಅವಧಾರಣೆಯ ‘ಏ’ಕಾರ. ತಮಿಳು, ತೆಲುಗುಗಳ ‘ಏ’, ಮಲಯಾಳದ ‘ತನ್ನೆ’, ಮರಾಠಿಯ ‘ಚ’ ಕೂಡ ಹೀಗೆಯೇ ಒತ್ತಿ ಹೇಳುತ್ತವೆ. ಆದ್ದರಿಂದ ಗಡಿನಾಡಿನ ಮಗು ನೆರೆನುಡಿಯಲ್ಲಿಯೂ ಇದೇ ರೂಢಿಯನ್ನು ಕೇಳುತ್ತದೆ. ಇಂಗ್ಲಿಷಿನಲ್ಲಿ ಇಂತಹ ಒತ್ತನ್ನು ಹೆಚ್ಚಾಗಿ ದನಿಯಿಂದಲೇ ತೋರಿಸುತ್ತಾರೆ. ‘ಯೆಸ್ಟರ್ಡೇ’ ಎಂದಷ್ಟೇ ಹೇಳಿದರೆ ಸಾಕು.

ಬೋಧಿಸುವಾಗ ‘ಏ’ ಇರುವ ಕಡೆ ‘ಮಾತ್ರ’ ಅಥವಾ ‘ಅಷ್ಟೇ’ ಇಟ್ಟು ಓದಿಸಬೇಕು. ಅರ್ಥ ಕೆಡದಿದ್ದರೆ ‘ಓನ್ಲಿ’ ಸರಿ; ಕೆಟ್ಟರೆ ಅದನ್ನು ಬಿಡಬೇಕು. ಈ ತಪ್ಪು ಮಗುವಿನ ಅಜ್ಞಾನದಿಂದಲ್ಲ, ತಾಯ್ನುಡಿಯ ನಿಯಮದ ಅರಿವಿನಿಂದ ಹುಟ್ಟಿದ್ದು ಎಂಬುದನ್ನು ಶಿಕ್ಷಕರು ಮರೆಯಬಾರದು.