ಸುಗಂಧರಾಜ ಬೆಳೆಯೋಣ, ಲೆಕ್ಕ ಬರೆಯೋಣ

ಸುಗಂಧರಾಜ ಹೂವನ್ನು ನೀವೆಲ್ಲ ಬಲ್ಲಿರಿ. ಮದುವೆ ಮನೆಯ ಹಾರಕ್ಕೆ ಅದು ಬೇಕು. ದೇವರ ಉತ್ಸವಕ್ಕೂ ಬೇಕು. ಬಣ್ಣ ಬಿಳಿ. ಸಂಜೆಯಾದರೆ ವಾಸನೆ ಹೆಚ್ಚು.

ಈ ಗಿಡ ಮೊದಲು ನಮ್ಮ ದೇಶದ್ದಲ್ಲ. ಬಹಳ ಹಿಂದೆ ಮೆಕ್ಸಿಕೋ ಎಂಬ ದೂರದ ದೇಶದಿಂದ ಬಂತು. ನಮ್ಮ ಹೊಲದ ಬೇಲಿಯಲ್ಲಿರುವ ಕತ್ತಾಳೆ ಇದಕ್ಕೆ ಹತ್ತಿರದ ನೆಂಟ. ಕತ್ತಾಳೆಯೂ ಅಲ್ಲಿಂದಲೇ ಬಂದದ್ದು.

ಸುಗಂಧರಾಜ ಗೆಡ್ಡೆಯಿಂದ ಬೆಳೆಯುತ್ತದೆ. ಒಂದು ಸಲ ನೆಟ್ಟರೆ ಎರಡು ಮೂರು ವರ್ಷ ಹೂ ಕೊಡುತ್ತದೆ. ರಾಗಿ, ಭತ್ತದ ಹಾಗೆ ವರ್ಷವರ್ಷವೂ ಬಿತ್ತುವ ಕೆಲಸವಿಲ್ಲ.

ಯಾವ ಜಾಗ ಒಳ್ಳೆಯದು?

ಸೊಸೆ: ಅತ್ತೆ, ನಾಲೆ ಕೆಳಗಿನ ಗದ್ದೇಲಿ ಸುಗಂಧರಾಜ ಹಾಕಾಣವಾ?

ಅತ್ತೆ: ಬ್ಯಾಡ ಕಣವ್ವ. ಅಲ್ಲಿ ಯಾವಾಗ್ಲೂ ನೀರು ನಿಂತಿರ್ತದೆ. ಗೆಡ್ಡೆ ಕೊಳ್ತೋಯ್ತದೆ. ಮನೆ ಹಿಂದೆ ಕೆಮ್ಮಣ್ಣಿನ ಜಾಗ ಐತಲ್ಲ, ಅಲ್ಲಿ ಹಾಕಾಣ.

ಅತ್ತೆಯ ಮಾತು ಸರಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ಆ ಬಯಲು ಭತ್ತಕ್ಕೆ, ಕಬ್ಬಿಗೆ ಒಳ್ಳೆಯದು. ಸುಗಂಧರಾಜಕ್ಕೆ ನೀರು ಬೇಕು, ಆದರೆ ನೀರು ನಿಲ್ಲಬಾರದು. ನೀರು ಬಸಿದು ಹೋಗುವ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ಬಿಸಿಲು ಚೆನ್ನಾಗಿ ಬೀಳಬೇಕು. ಮರದ ನೆರಳು ಬೇಡ.

ಯಾವ ತಳಿ?

ಎಸಳು ಒಂದೇ ಸುತ್ತು ಇರುವ ಹೂ ಒಂದು ಬಗೆ. ಇದರ ವಾಸನೆ ಜಾಸ್ತಿ. ಬಿಡಿ ಹೂವಾಗಿ ಕಿತ್ತು ಹಾರಕ್ಕೆ ಮಾರುತ್ತಾರೆ. ಹಲವು ಸುತ್ತು ಎಸಳಿನ ಹೂ ಇನ್ನೊಂದು ಬಗೆ. ಅದನ್ನು ಕಡ್ಡಿ ಸಮೇತ ಕತ್ತರಿಸಿ ಮಾರುತ್ತಾರೆ. ಹೂದಾನಿಗೆ, ಮಂಟಪದ ಅಲಂಕಾರಕ್ಕೆ ಅದು ಹೋಗುತ್ತದೆ.

ಬೆಂಗಳೂರಿನ ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಶೃಂಗಾರ್, ಪ್ರಜ್ವಲ್, ಸುವಾಸಿನಿ ಅಲ್ಲಿನ ತಳಿಗಳು. ಶೃಂಗಾರ್, ಪ್ರಜ್ವಲ್ ಒಂದು ಸುತ್ತಿನವು. ಸುವಾಸಿನಿ ಹಲವು ಸುತ್ತಿನದು. ಯಾವುದನ್ನು ನೆಡಬೇಕು ಎಂದು ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ನೆಡುವುದು ಹೇಗೆ?

ಮೊದಲು ಒಂದು ಗುಂಟೆಯಲ್ಲಿ ಬೆಳೆದು ನೋಡಿ. ಸಾಲ ಮಾಡಿ ಎಕರೆಗಟ್ಟಲೆ ಹಾಕಬೇಡಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಡಿಗೊಂದು ಗೆಡ್ಡೆ ನೆಟ್ಟರೆ ಸುಮಾರು 1,000 ಗೆಡ್ಡೆ ಬೇಕು.

1. ನೆಲ ಅಗೆದು ಹದ ಮಾಡಿ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಹಾಕಿ. ಒಂದು ಗುಂಟೆಗೆ 250 ಕೆಜಿ. ಹತ್ತು ಕೆಜಿ ಹಿಡಿಯುವ ಮಂಕರಿಯಲ್ಲಿ 25 ಮಂಕರಿ.
2. ಸುಲಿದ ಅಡಕೆ ಗಾತ್ರದ ಗಟ್ಟಿ ಗೆಡ್ಡೆ ಆರಿಸಿ. ಮೆತ್ತಗಿರುವುದನ್ನು, ಕೊಳೆತದ್ದನ್ನು ಬಿಸಾಡಿ.
3. ಆಗ ತಾನೆ ಕಿತ್ತ ಗೆಡ್ಡೆಯನ್ನು ಕೂಡಲೇ ನೆಡಬೇಡಿ. ನೆರಳಿನಲ್ಲಿ ಒಂದು ತಿಂಗಳು ಹರಡಿಡಿ.
4. ಚೂಪು ತುದಿ ಮೇಲೆ ಬರುವಂತೆ, ಮೂರು ಬೆರಳು ಆಳದಲ್ಲಿ ನೆಡಿ.
5. ನೆಟ್ಟ ಮೇಲೆ ನೀರು ಕೊಡಿ. ಬೇಸಿಗೆಯಲ್ಲಿ ವಾರಕ್ಕೊಂದು ಸಲವಾದರೂ ನೀರು ಬೇಕು. ಮಳೆ ಬಂದರೆ ನಿಲ್ಲಿಸಿ.
6. ಕಳೆ ಬೆಳೆಯಲು ಬಿಡಬೇಡಿ.

ಬೇರಿನಲ್ಲಿ ಗಂಟು

ಕೆಲವು ಸಲ ಗಿಡ ಕುಳ್ಳಾಗುತ್ತದೆ. ಎಲೆ ಹಳದಿಯಾಗುತ್ತದೆ. ಹೂ ಕಡಿಮೆ ಬರುತ್ತದೆ. ಅಂಥ ಒಂದು ಗಿಡ ಕಿತ್ತು ಬೇರು ನೋಡಿ. ಬೇರಿನಲ್ಲಿ ಗಂಟು ಗಂಟು ಇದ್ದರೆ ಅದು ಜಂತುಹುಳದ ಕೆಲಸ. ಈ ಹುಳ ಕಣ್ಣಿಗೆ ಕಾಣದಷ್ಟು ಸಣ್ಣದು.

ಅಂಥ ಹೊಲದ ಗೆಡ್ಡೆಯನ್ನು ಯಾರಿಂದಲೂ ತರಬೇಡಿ, ಯಾರಿಗೂ ಕೊಡಬೇಡಿ. ಬದನೆ, ಟೊಮೆಟೊ, ಬೆಂಡೆಗೂ ಇದೇ ಹುಳ ಬೀಳುತ್ತದೆ. ಅವುಗಳನ್ನು ಬೆಳೆದ ಜಾಗದಲ್ಲಿ ಕೂಡಲೇ ಸುಗಂಧರಾಜ ಹಾಕಬೇಡಿ. ನೆಡುವ ಮೊದಲು ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ. ಚೆಂಡು ಹೂ ಬೆಳೆದರೆ ಈ ಹುಳ ಕಡಿಮೆಯಾಗುತ್ತದೆ. ಶೃಂಗಾರ್ ತಳಿ ಈ ಹುಳವನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಬೇರೆ ರೋಗಕ್ಕೆ ಔಷಧಿ ತಂದರೆ ಡಬ್ಬಿಯ ಮೇಲಿನ ಬಣ್ಣ ನೋಡಿ. ಕೆಂಪು ಗುರುತು ಇದ್ದರೆ ಅತಿ ಹೆಚ್ಚು ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಗುರುತಿನದೂ ವಿಷವೇ. ಮಕ್ಕಳ ಕೈಗೆ ಸಿಗದಂತೆ ಇಡಿ.

ಹೂ ಕೀಳುವುದು

ನೆಟ್ಟ ಮೂರು ನಾಲ್ಕು ತಿಂಗಳಿಗೆ ಹೂ ಶುರು. ಬಿಡಿ ಹೂವನ್ನು ಬೆಳಗಿನ ಜಾವ, ಬಿಸಿಲು ಏರುವ ಮೊದಲೇ ಕೀಳಿ. ಬಿಸಿಲಿನಲ್ಲಿ ಕಿತ್ತರೆ ಬೇಗ ಬಾಡುತ್ತದೆ. ಕಡ್ಡಿ ಹೂವಾದರೆ ಕೆಳಗಿನ ಒಂದೆರಡು ಹೂ ಅರಳಿದಾಗ ಕತ್ತರಿಸಿ. ಕೂಡಲೇ ಬುಡವನ್ನು ನೀರಿನಲ್ಲಿ ಇಡಿ. ಮೇಲಿನ ಮೊಗ್ಗು ಆಮೇಲೆ ಅರಳುತ್ತವೆ.

ವರ್ಷ ಕಳೆದಂತೆ ಮಣ್ಣಿನೊಳಗೆ ಗೆಡ್ಡೆ ಮರಿ ಹಾಕುತ್ತದೆ. ಎರಡು ಮೂರು ವರ್ಷಕ್ಕೆ ಹೂ ಸಣ್ಣದಾಗುತ್ತದೆ. ಆಗ ಅಗೆದು ತೆಗೆದು, ಬಿಡಿಸಿ, ಬೇರೆ ಜಾಗದಲ್ಲಿ ನೆಡಿ. ಎರಡನೆಯ ಸಲ ಗೆಡ್ಡೆ ಕೊಳ್ಳುವ ಖರ್ಚಿಲ್ಲ.

ದುಡ್ಡು ಎಲ್ಲಿಗೆ ಹೋಯಿತು?

ಅತ್ತೆ ಸೊಸೆ ಗೆಡ್ಡೆ ನೆಟ್ಟರು. ನಾಲ್ಕು ತಿಂಗಳಾಯಿತು. ಹೂ ಮಾರುಕಟ್ಟೆಗೆ ಹೋಗುತ್ತಿದೆ.

ಸೊಸೆ: ಅತ್ತೆ, ನೆನ್ನೆ ಎಷ್ಟು ಕೆಜಿ ಹೂ ಹೋಯ್ತು?

ಅತ್ತೆ: ನಂಗೇನ್ ಗೊತ್ತು? ನಿನ್ ಗಂಡ ತಗಂಡೋದ.

ಸೊಸೆ: ದುಡ್ಡು ಎಷ್ಟು ಬಂತು?

ಅತ್ತೆ: ಕೊಟ್ಟಷ್ಟು ಇಸ್ಕಂಡೆ. ಮೂವತ್ತು ವರ್ಸದಿಂದ ಹೊಲದಲ್ಲಿ ಗೇಯ್ತಿವ್ನಿ. ಒಂದಿನಾನೂ ಲೆಕ್ಕ ಕೇಳ್ನಿಲ್ಲ.

ಸೊಸೆ: ಚೀಟಿ ಕೊಟ್ಟಿರ್ತಾರಲ್ಲ ಅತ್ತೆ. ತತ್ತನ್ನಿ, ಇಬ್ಬರೂ ಕುಂತು ಓದಾಣ.

ಚೀಟಿಯಲ್ಲಿ ಹೀಗಿದೆ ಎಂದು ಇಟ್ಟುಕೊಳ್ಳಿ:

ಹೂ: 2 ಕೆಜಿ
ದರ: ಕೆಜಿಗೆ 60 ರೂಪಾಯಿ
ಒಟ್ಟು: 120 ರೂಪಾಯಿ
ಕಮಿಷನ್: 12 ರೂಪಾಯಿ
ಲಗೇಜು: 10 ರೂಪಾಯಿ
ಕೈಗೆ ಬಂದದ್ದು: 98 ರೂಪಾಯಿ

98 ರೂಪಾಯಿ ಪೂರ್ತಿ ಲಾಭವೇ? ಅಲ್ಲ. ಬೆಳಗಿನ ಜಾವ ಎದ್ದು ಹೂ ಕಿತ್ತವರು ಯಾರು? ನೀವು. ಬೇರೆಯವರು ಕಿತ್ತಿದ್ದರೆ ಕೂಲಿ ಕೊಡಬೇಕಿತ್ತು. ಆ ಕೂಲಿ 30 ರೂಪಾಯಿ ಎಂದರೆ ಉಳಿದದ್ದು 68. ಅದರಲ್ಲಿ ಗೊಬ್ಬರದ, ಗೆಡ್ಡೆಯ ಖರ್ಚೂ ಹುಟ್ಟಬೇಕು. ನಿಮ್ಮ ದುಡಿಮೆಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ. ಬರೆಯದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಮಿಷನ್ ಎಷ್ಟು, ಯಾಕೆ ಎಂದು ಕೇಳಿ. ತೂಕವನ್ನು ಮನೆಯಲ್ಲೇ ಒಂದು ಸಲ ನೋಡಿಕೊಳ್ಳಿ. ಐದು ಮನೆಯವರು ಸೇರಿ ಒಂದೇ ಮೂಟೆ ಕಳಿಸಿದರೆ ಲಗೇಜು ಹಂಚಿ ಹೋಗುತ್ತದೆ. ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಈ ಮಾತು ಎತ್ತಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರದ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾಯಿತು. ಮಳವಳ್ಳಿಯಿಂದಲೋ ಮದ್ದೂರಿನಿಂದಲೋ ಒಂದು ದಿನ ನೀವೇ ಮಂಡ್ಯಕ್ಕೆ ಹೋಗಿ ಹೂವಿನ ದರ ಕೇಳಿ ಬನ್ನಿ. ಮೈಸೂರಿನ ದೇವರಾಜ ಮಾರುಕಟ್ಟೆ, ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ದರವನ್ನೂ ವಿಚಾರಿಸಿ.

ಆಷಾಢದಲ್ಲಿ ಮದುವೆ ಇಲ್ಲ, ಹೂವಿನ ದರ ಇಳಿಯುತ್ತದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಏರುತ್ತದೆ. ಒಂದು ವರ್ಷ ಬರೆದಿಟ್ಟ ಲೆಕ್ಕ ನೋಡಿದರೆ ಯಾವ ತಿಂಗಳಲ್ಲಿ ಎಷ್ಟು ಬಂತು ಎಂದು ನಿಮಗೇ ತಿಳಿಯುತ್ತದೆ. ಮುಂದಿನ ವರ್ಷ ಹೂವಿನ ಜಾಗ ಹೆಚ್ಚಿಸಬೇಕೋ ಬೇಡವೋ ಎಂದು ನೀವೇ ಹೇಳಬಹುದು.

ಅಭ್ಯಾಸ

ಈ ಪದಗಳನ್ನು ಓದಿ, ಬರೆಯಿರಿ:
ಗೆಡ್ಡೆ, ಗುಂಟೆ, ಗೊಬ್ಬರ, ಹಿಂಡಿ, ಚೀಟಿ, ಕಮಿಷನ್, ತೂಕ, ದುಡಿಮೆ

ಬಿಟ್ಟ ಜಾಗ ತುಂಬಿ:
1. ಸುಗಂಧರಾಜಕ್ಕೆ ನೀರು ಬೇಕು, ಆದರೆ ನೀರು ______ಬಾರದು.
2. ಗೆಡ್ಡೆಯ ಚೂಪು ತುದಿ ______ ಬರಬೇಕು.
3. ಡಬ್ಬಿಯ ಮೇಲೆ ______ ಬಣ್ಣದ ಗುರುತು ಇದ್ದರೆ ಅತಿ ಹೆಚ್ಚು ವಿಷ.

ಲೆಕ್ಕ ಮಾಡಿ:
3 ಕೆಜಿ ಹೂ ಮಾರಿದಿರಿ. ಕೆಜಿಗೆ 50 ರೂಪಾಯಿ. ಕಮಿಷನ್ 15 ರೂಪಾಯಿ, ಲಗೇಜು 10 ರೂಪಾಯಿ. ಕೈಗೆ ಎಷ್ಟು ಬಂತು? ಹೂ ಕಿತ್ತ ಕೂಲಿ 45 ರೂಪಾಯಿ ಕಳೆದರೆ ಎಷ್ಟು ಉಳಿಯಿತು?

ಮಾತಾಡಿ:
ನಿಮ್ಮ ಮನೆಯಲ್ಲಿ ಬೆಳೆ ಮಾರಿದ ಚೀಟಿ ಯಾರ ಹತ್ತಿರ ಇರುತ್ತದೆ? ಈ ವಾರ ಒಂದು ಚೀಟಿ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಓದೋಣ.