ನಾಯಿ ಮೈ ನೆಕ್ಕಿಕೊಳ್ಳುವುದೇಕೆ? ಡಾಕ್ಟರಿಗೆ ತೋರಿಸುವುದು ಯಾವಾಗ?

ಸ್ವಸಹಾಯ ಸಂಘಗಳ ತಿಂಗಳ ಸಭೆಗಾಗಿ ಪಾಠ



ಹಸು, ಆಡು, ಕೋಳಿ ಸಾಕಣೆಯ ಬಗ್ಗೆ ನಾವು ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಆದರೆ ಅವನ್ನೆಲ್ಲ ರಾತ್ರಿ ಕಾಯುವ ನಾಯಿಯ ಬಗ್ಗೆ ಮಾತಾಡುವುದು ಕಡಿಮೆ. ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೆಯಲು ಓಡುತ್ತೇವೆ, ಯಾಕೆಂದರೆ ಹಾಲು ಕಡಿಮೆಯಾಗುತ್ತದೆ. ನಾಯಿ ವಾರಗಟ್ಟಲೆ ಕಾಲು ನೆಕ್ಕುತ್ತಾ ಮಲಗಿದ್ದರೂ "ಅದರ ಸ್ವಭಾವವೇ ಅಷ್ಟು" ಅಂತ ಸುಮ್ಮನಿರುತ್ತೇವೆ. ನಾಯಿಗೆ ನೋವಾದರೆ ಬಾಯಿಬಿಟ್ಟು ಹೇಳಲಾರದು. ಅದು ನೆಕ್ಕುವ ಜಾಗವೇ ಅದರ ಮಾತು. ಆ ಮಾತನ್ನು ತಿಳಿದುಕೊಂಡರೆ ಒಂದು ಮೂಕ ಜೀವದ ನೋವು ಕಡಿಮೆಯಾಗುತ್ತದೆ, ನಮ್ಮ ಮನೆಯ ಮಕ್ಕಳೂ ಕ್ಷೇಮವಾಗಿರುತ್ತಾರೆ.

ಚಿಂತೆ ಬೇಡದ ನೆಕ್ಕುವಿಕೆ

ನಾಯಿಗೆ ಕೈಯಿಲ್ಲ, ನಾಲಿಗೆಯೇ ಕೈ. ಊಟವಾದ ಮೇಲೆ ಮುಂಗಾಲು, ಮೂತ್ರ ಮಾಡಿದ ಮೇಲೆ ಆ ಜಾಗ, ಮಳೆಯಲ್ಲಿ ನೆನೆದು ಬಂದರೆ ಮೈಯೆಲ್ಲಾ ನೆಕ್ಕಿಕೊಳ್ಳುತ್ತದೆ. ಸ್ವಲ್ಪ ಹೊತ್ತು ನೆಕ್ಕಿ ತಾನಾಗಿಯೇ ಬಿಡುತ್ತದೆ. ಇದು ಅದರ ಸ್ನಾನ ಅಂತ ತಿಳಿಯಿರಿ.

ಮರಿ ಹಾಕಿದ ತಾಯಿನಾಯಿ ಮರಿಗಳ ಹೊಟ್ಟೆ, ಹಿಂಭಾಗವನ್ನು ನೆಕ್ಕುತ್ತಲೇ ಇರುತ್ತದೆ. ಅದನ್ನು ತಡೆಯಬಾರದು. ಹುಟ್ಟಿದ ಹೊಸತರಲ್ಲಿ ಮರಿಗಳು ತಾವಾಗಿ ಮಲ ಮೂತ್ರ ಮಾಡಲಾರವು, ತಾಯಿ ನೆಕ್ಕಿದರೇನೇ ಆಗುವುದು. ಬೆದೆಗೆ ಬಂದ ಹೆಣ್ಣು ನಾಯಿ ಕೂಡ ಹಿಂಭಾಗವನ್ನು ಹೆಚ್ಚಾಗಿ ನೆಕ್ಕುತ್ತದೆ, ಸ್ವಲ್ಪ ರಕ್ತವೂ ಹೋಗುತ್ತದೆ. ಬೆದೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಮುಗಿಯುತ್ತದೆ.

ಗಮನ ಕೊಡಬೇಕಾದ ನೆಕ್ಕುವಿಕೆ

ಒಂದೇ ಜಾಗವನ್ನು ಬಿಡದೆ ನೆಕ್ಕುವುದು, ಕರೆದರೂ ನಿಲ್ಲಿಸದಿರುವುದು, ರಾತ್ರಿ ನಿದ್ದೆ ಬಿಟ್ಟು ನೆಕ್ಕುವುದು, ಕೂದಲು ಉದುರಿ ಚರ್ಮ ಕೆಂಪಾಗುವುದು. ಇವು ಕಂಡರೆ ಒಳಗೆ ಏನೋ ಕಾರಣ ಇದೆ ಎಂದರ್ಥ. ಜಾಗ ನೋಡಿ ಕಾರಣವನ್ನು ಊಹಿಸಬಹುದು.

1. ಬಾಲದ ಬುಡ, ಬೆನ್ನು, ತೊಡೆ: ಹೆಚ್ಚಾಗಿ ಚಿಗಟದ ಕಾಟ. ಕೂದಲು ಬಿಡಿಸಿ ನೋಡಿದರೆ ಕರಿ ಪುಡಿ ಕಾಣುತ್ತದೆ. ಆ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ. ಅದು ಚಿಗಟ ಕುಡಿದ ರಕ್ತದ ಹಿಕ್ಕೆ.

2. ಕಾಲಿನ ಬೆರಳ ಸಂದು: ಮುಳ್ಳು, ಗಾಜಿನ ಚೂರು, ಉಣ್ಣೆ, ಗಾಯ ಅಥವಾ ಅಲರ್ಜಿ. ಒಂದೇ ಪಾದ ನೆಕ್ಕಿದರೆ ಮೊದಲು ಮುಳ್ಳು ಹುಡುಕಿ. ನಾಲ್ಕೂ ಪಾದ ನೆಕ್ಕಿದರೆ ಅಲರ್ಜಿ ಇರಬಹುದು. ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬೇಡಿ. ಉಣ್ಣೆಯಿಂದ ನಾಯಿಗೆ ಜ್ವರ ಬರುತ್ತದೆ. ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ತಡಮಾಡಬಾರದು.

3. ಬಾಲದ ಕೆಳಗೆ: ಗುದದ್ವಾರದ ಎರಡೂ ಪಕ್ಕ ಎರಡು ಸಣ್ಣ ಚೀಲಗಳಿವೆ. ಅವು ಕಟ್ಟಿಕೊಂಡರೆ ನಾಯಿ ಕುಂಡೆಯನ್ನು ನೆಲಕ್ಕೆ ಉಜ್ಜುತ್ತಾ ಎಳೆಯುತ್ತದೆ. "ಜಂತುಹುಳ" ಅಂತ ಎಲ್ಲರೂ ಹೇಳುತ್ತಾರೆ, ಯಾವಾಗಲೂ ಅದೇ ಅಲ್ಲ.

4. ಮುಂಗಾಲಿನ ಮಣಿಕಟ್ಟು: ದಿನವಿಡೀ ಸರಪಳಿಯಲ್ಲಿ ಕಟ್ಟಿದ ನಾಯಿ ಬೇಸರಕ್ಕೆ ಒಂದೇ ಜಾಗವನ್ನು ನೆಕ್ಕಿ ನೆಕ್ಕಿ ದಪ್ಪನೆಯ ಹುಣ್ಣು ಮಾಡಿಕೊಳ್ಳುತ್ತದೆ. ಕೀಲುನೋವು ಇದ್ದರೂ ಹೀಗೆ ಮಾಡೀತು. ಬರೀ ಮುಲಾಮು ಸಾಲದು, ದಿನಕ್ಕೆರಡು ಸಲ ಬಿಚ್ಚಿ ಓಡಾಡಿಸಬೇಕು.

ನೆಕ್ಕಿದರೆ ಗಾಯ ವಾಸಿಯಾಗುತ್ತದೆಯೇ?

"ನಾಯಿ ಎಂಜಲಿನಲ್ಲೇ ಔಷಧಿ ಇದೆ, ಸಿಸ್ಟರ್" ಎಂದು ಹಳ್ಳಿಗಳಲ್ಲಿ ನಮಗೆ ಅನೇಕರು ಹೇಳುತ್ತಾರೆ. ಎಂಜಲಿಗೆ ಕೆಲವು ರೋಗಾಣುಗಳನ್ನು ಕೊಲ್ಲುವ ಅಲ್ಪ ಶಕ್ತಿ ಇದೆ ನಿಜ. ಆದರೆ ಅದೇ ಬಾಯಿಯಲ್ಲಿ ಗಾಯವನ್ನು ಕೀವಾಗಿಸುವ ರೋಗಾಣುಗಳೂ ಬೇಕಾದಷ್ಟಿವೆ. ಮೇಲಾಗಿ ಒರಟು ನಾಲಿಗೆ ಹೊಸ ಚರ್ಮ ಕೂಡಲು ಬಿಡುವುದಿಲ್ಲ, ಹಾಕಿದ ಹೊಲಿಗೆಯನ್ನೂ ಬಿಚ್ಚುತ್ತದೆ. ಒದ್ದೆಯಾದ ಗಾಯದ ಮೇಲೆ ನೊಣ ಮೊಟ್ಟೆ ಇಡುತ್ತದೆ, ಒಂದು ದಿನದೊಳಗೇ ಹುಳವಾಗುತ್ತದೆ. ಮಳೆಗಾಲದಲ್ಲಿ ಇದು ಹೆಚ್ಚು. ಗಾಯದಿಂದ ಕೆಟ್ಟ ವಾಸನೆ ಬಂದರೆ ಒಳಗೆ ಹುಳ ಇದೆ ಅಂತಲೇ ತಿಳಿದು ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು ಮಾತು. ನಾಯಿಯ ಮೈಗೆ ಏನು ಹಚ್ಚಿದರೂ ಅದು ಅದರ ಹೊಟ್ಟೆಗೆ ಹೋಗುತ್ತದೆ. ಸೀಮೆಎಣ್ಣೆ, ಸುಟ್ಟ ಇಂಜಿನ್ ಆಯಿಲ್, ಬೆಳೆಗೆ ಹೊಡೆಯುವ ಕೀಟನಾಶಕ ಹಚ್ಚಲೇಬಾರದು. ದನದ ಉಣ್ಣೆ ಔಷಧಿಯನ್ನೂ ಡಾಕ್ಟರ್ ಹೇಳಿದ ಅಳತೆ ಇಲ್ಲದೆ ಬಳಸಬಾರದು. ಮನುಷ್ಯರ ನೋವಿನ ಮಾತ್ರೆಯೂ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೂ ಕೆಡಿಸಬಲ್ಲದು.

ಹೆಣ್ಣು ನಾಯಿ ಇರುವ ಮನೆಯವರು ಮರೆಯಬಾರದ್ದು

ನಾವು ಭೇಟಿ ಕೊಟ್ಟ ಒಂದು ಮನೆಯಲ್ಲಿ ಎಂಟು ವರ್ಷದ ಹೆಣ್ಣು ನಾಯಿ ಹಿಂಭಾಗ ನೆಕ್ಕುತ್ತಾ ಮಲಗಿತ್ತು. ಬೆದೆ ಮುಗಿದು ತಿಂಗಳಾಗಿತ್ತು. ಊಟ ಬಿಟ್ಟಿತ್ತು, ಬೋಗುಣಿಗಟ್ಟಲೆ ನೀರು ಕುಡಿಯುತ್ತಿತ್ತು, ವಾಂತಿಯೂ ಇತ್ತು. "ವಯಸ್ಸಾಯ್ತಲ್ಲ, ಅದಕ್ಕೇ" ಎಂದರು ಮನೆಯ ಅಜ್ಜಿ. ಅದು ವಯಸ್ಸಲ್ಲ, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ. ಆ ದಿನವೇ ಆಟೋದಲ್ಲಿ ಒಯ್ದು ಗರ್ಭಕೋಶ ತೆಗೆಸಿದ್ದರಿಂದ ಅದು ಬದುಕಿತು. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಈ ಲಕ್ಷಣ ಕಂಡರೆ ನಾಳೆಗೆ ಇಡಬೇಡಿ. ಕೆಲವು ನಾಯಿಗಳಲ್ಲಿ ಕೀವು ಹೊರಗೆ ಬರುವುದೇ ಇಲ್ಲ. ಅದು ಇನ್ನೂ ಅಪಾಯ.

ಬೆದೆಯ ಕಾಲ ಮುಗಿದರೂ ರಕ್ತ ತೊಟ್ಟಿಕ್ಕುತ್ತಾ, ನಾಯಿ ಅಲ್ಲೇ ನೆಕ್ಕುತ್ತಿದ್ದರೆ ಜನನಾಂಗದಲ್ಲಿ ಗಡ್ಡೆ ಇರಬಹುದು. ಇದು ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಗಡ್ಡೆ, ಗಂಡು ನಾಯಿಗೂ ಬರುತ್ತದೆ. ಹೆದರಬೇಕಾಗಿಲ್ಲ. ವಾರಕ್ಕೊಂದರಂತೆ ಕೆಲವು ಇಂಜೆಕ್ಷನ್ ಕೊಡಿಸಿದರೆ ಹೆಚ್ಚಿನ ನಾಯಿಗಳು ಗುಣವಾಗುತ್ತವೆ. ಆದರೆ ನಡುವೆ ನಿಲ್ಲಿಸಬಾರದು.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗರ್ಭಕೋಶದ ಕೀವಿನ ಭಯವಿಲ್ಲ. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ರಸ್ತೆಬದಿ ಬಿಡುವ ಪಾಪವೂ ಇಲ್ಲ.

ಮಕ್ಕಳ ವಿಷಯದಲ್ಲಿ ಎಚ್ಚರಿಕೆ

ನಾಯಿಗೆ ಬೇರೆ ನಾಯಿ ಕಚ್ಚಿದರೆ ಅದು ಆ ಗಾಯವನ್ನು ನೆಕ್ಕಿಕೊಳ್ಳುತ್ತದೆ. ಕಚ್ಚಿದ ನಾಯಿಗೆ ಹುಚ್ಚು ಇದ್ದರೆ ವಿಷಾಣು ಇರುವುದು ಎಂಜಲಿನಲ್ಲಿ. ಆದ್ದರಿಂದ ಆ ಗಾಯವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೂಡಲೇ ಪಶುವೈದ್ಯರಿಗೆ ತೋರಿಸಿ, ಮೊದಲೇ ಲಸಿಕೆ ಆಗಿದ್ದರೂ ಮತ್ತೆ ಕೊಡಿಸಬೇಕಾಗುತ್ತದೆ.

ಮಗುವಿನ ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ಸೋಪು ಹಚ್ಚಿ ತೊಳೆದರೆ ಸಾಕು. ಆದರೆ ತರಚಿದ ಮೊಣಕಾಲು, ಕಜ್ಜಿ, ಕಣ್ಣು, ಬಾಯಿ ಇವುಗಳಿಗೆ ಎಂಜಲು ತಗುಲಿದರೆ ಅದು ಆಳವಾಗಿ ಕಚ್ಚಿದ್ದಕ್ಕೆ ಸಮಾನ. ಗಾಯವನ್ನು 15 ನಿಮಿಷ ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು, ಕಣ್ಣು ಬಾಯಿಯಾದರೆ ಬರೀ ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆಯ ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಬೇಕೇ ಎಂದು ಕೇಳಿ. ಸುಣ್ಣ, ಅರಿಸಿನ, ಖಾರದಪುಡಿ ಹಚ್ಚಬಾರದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ, ಅದಕ್ಕೂ ಮೊದಲು ಲಸಿಕೆ ಹಾಕಿಸಿದರೆ ಜೀವ ಉಳಿಯುತ್ತದೆ.

ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ "ಗಂಟಲಲ್ಲಿ ಮೂಳೆ ಸಿಕ್ಕಿದೆ" ಎಂದು ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗವೂ ಹೀಗೇ ಕಾಣುತ್ತದೆ.

ಅದೇ ದಿನ ಡಾಕ್ಟರಿಗೆ ತೋರಿಸಬೇಕಾದವು

• ಮೂತ್ರಕ್ಕೆ ತಿಣುಕುತ್ತಾ, ಹನಿಯೂ ಬಾರದೆ ಆ ಜಾಗವನ್ನೇ ನೆಕ್ಕುವುದು
• ಹಿಂಭಾಗದಿಂದ ಕೀವು, ಜೊತೆಗೆ ವಾಂತಿ, ಅತಿ ಬಾಯಾರಿಕೆ
• ಹುಳ ಬಿದ್ದ ಗಾಯ, ಇನ್ನೊಂದು ನಾಯಿ ಕಚ್ಚಿದ ಗಾಯ
• ಜ್ವರ, ಬಿಳಿಚಿದ ಒಸಡು, ಊಟ ಬಿಡುವುದು
• ವಿಷದ ವಸ್ತು ನೆಕ್ಕಿರುವ ಅನುಮಾನ

ಚರ್ಮ ಕೆಂಪಾಗಿ, ನೆಕ್ಕುವುದು ಮೂರು ದಿನದಲ್ಲಿ ನಿಲ್ಲದಿದ್ದರೆ ಆ ವಾರದೊಳಗೆ ತೋರಿಸಿ. ಯಾವತ್ತಿನಿಂದ ನೆಕ್ಕುತ್ತಿದೆ, ಯಾವ ಜಾಗ, ಕೊನೆಯ ಬೆದೆ ಯಾವಾಗ, ಲಸಿಕೆ ಯಾವಾಗ, ಮನೆಯಲ್ಲಿ ಏನು ಹಚ್ಚಿದಿರಿ ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನೋವಿರುವ ನಾಯಿ ಯಜಮಾನನನ್ನೂ ಕಚ್ಚೀತು, ಬಟ್ಟೆಯ ಪಟ್ಟಿಯಿಂದ ಬಾಯಿ ಕಟ್ಟಿ ಒಯ್ಯಿರಿ. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಬಾಯಿ ಕಟ್ಟಬಾರದು. ಹತ್ತಿರದಲ್ಲಿ ಪಶು ಆಸ್ಪತ್ರೆ ಇಲ್ಲದಿದ್ದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ 1962ಕ್ಕೆ ಕರೆ ಮಾಡಿ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ನಾಯಿಗಳಿವೆ? ಎಷ್ಟಕ್ಕೆ ಈ ವರ್ಷ ರೇಬೀಸ್ ಲಸಿಕೆ ಆಗಿದೆ?
2. ನಾಯಿಯ ಗಾಯಕ್ಕೆ ನಾವು ಇದುವರೆಗೆ ಏನೇನು ಹಚ್ಚುತ್ತಿದ್ದೆವು? ಇನ್ನು ಮುಂದೆ ಯಾವುದನ್ನು ಬಿಡುತ್ತೇವೆ?
3. ನಾಯಿ ಗಾಯ ನೆಕ್ಕಿದ್ದನ್ನು ನಮ್ಮ ಮಕ್ಕಳು ಮನೆಯಲ್ಲಿ ಬಂದು ಹೇಳುತ್ತಾರೆಯೇ, ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆಯೇ?

ತೀರ್ಮಾನ: ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಅದಕ್ಕೆ ಮೊದಲೇ ಸಂಘದ ಇಬ್ಬರು ಸದಸ್ಯೆಯರು ಪಶು ಆಸ್ಪತ್ರೆಗೆ ಹೋಗಿ ಊರಿನಲ್ಲಿ ಲಸಿಕೆ ಶಿಬಿರ ಕೇಳಿಕೊಂಡು ಬರಲಿ. ಮೂರು ತಿಂಗಳು ತುಂಬಿದ ಪ್ರತಿ ಮರಿಗೂ ಲಸಿಕೆ ಹಾಕಿಸೋಣ. ಹೆಸರು, ದಿನಾಂಕವನ್ನು ಸಂಘದ ಪುಸ್ತಕದಲ್ಲಿ ಬರೆದಿಡೋಣ.