ಒಂದು ಸಿನಿಮಾಕ್ಕೆ ಎಷ್ಟು ಕರೆಂಟ್ ಬೇಕು?

ಏಪ್ರಿಲ್ ಬಂತೆಂದರೆ ಆದವಾನಿ, ಕೋಸಿಗಿ, ಆಲೂರು ಕಡೆ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಮಕ್ಕಳಿಗೆ ರಜೆ, ದೊಡ್ಡವರಿಗೆ ಸೆಕೆ, ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂರುವ ಕಾಲವದು. ಹಾಗೆ ಕೂತರೆ ಪರಿಸರಕ್ಕೆ ದೊಡ್ಡ ಹೊರೆಯೇನೂ ಆಗಬೇಕಿಲ್ಲ. 43 ಇಂಚಿನ ಎಲ್‌ಇಡಿ ಟಿ.ವಿ. ಸುಮಾರು 80 ವಾಟ್, ಸೆಟ್‌ಟಾಪ್ ಬಾಕ್ಸ್ 10 ವಾಟ್ ಎಂದುಕೊಂಡರೂ ಮೂರು ಗಂಟೆಯ ಸಿನಿಮಾಕ್ಕೆ ಖರ್ಚಾಗುವುದು ಕಾಲು ಯೂನಿಟ್‌ಗಿಂತ ತುಸು ಹೆಚ್ಚು, ಅಷ್ಟೆ. ನಿಜವಾದ ಪೋಲು ಇರುವುದು ಟಿ.ವಿ. ಸುತ್ತಮುತ್ತ. ಅದನ್ನು ತಡೆಯಲು ಹೀಗೆ ಮಾಡಿ.

1. ಒಂದೇ ಕೋಣೆಯಲ್ಲಿ ಕೂರಿ

ಅಜ್ಜಿಗೊಂದು ಕೋಣೆ, ಮಕ್ಕಳಿಗೊಂದು ಕೋಣೆ ಎಂದಾದರೆ ಫ್ಯಾನು, ಕೂಲರ್, ದೀಪ ಎಲ್ಲವೂ ಎರಡೆರಡು. ಮಂತ್ರಾಲಯ ನಮ್ಮ ಪಕ್ಕದ ಊರು. ರಾಜ್‌ಕುಮಾರ್ ಅಭಿನಯದ ‘ಮಂತ್ರಾಲಯ ಮಹಾತ್ಮೆ’ಯಂಥ (1966) ಚಿತ್ರವನ್ನು ಮೂರು ತಲೆಮಾರಿನವರೂ ಜೊತೆಯಾಗಿ ನೋಡಬಹುದು.

2. ಎ.ಸಿ.ಗಿಂತ ಕೂಲರ್ ಮೇಲು

ಒಂದೂವರೆ ಟನ್ ಎ.ಸಿ. ಮೂರು ಗಂಟೆಗೆ 3ರಿಂದ 4 ಯೂನಿಟ್ ಎಳೆಯುತ್ತದೆ. ಅಷ್ಟು ಕರೆಂಟಿನಲ್ಲಿ ಹತ್ತು ಸಿನಿಮಾ ನೋಡಬಹುದು. ನಮ್ಮದು ಒಣ ಸೆಕೆ, ಕೂಲರಿಗೆ ಹೇಳಿ ಮಾಡಿಸಿದ ಹವೆ. ಕೂಲರನ್ನು ಕಿಟಕಿಗೆ ಇಟ್ಟು, ಎದುರಿನ ಬಾಗಿಲನ್ನು ತುಸು ತೆರೆದಿಡಿ. ಎಲ್ಲ ಮುಚ್ಚಿದರೆ ತೇವ ತುಂಬಿ ಮೈ ಅಂಟುತ್ತದೆ, ತಂಪಾಗುವುದಿಲ್ಲ. ಕೂಲರಿನಲ್ಲಿ ಉಳಿದ ನೀರನ್ನು ಚರಂಡಿಗೆ ಚೆಲ್ಲದೆ ಗಿಡಗಳಿಗೆ ಹಾಕಿ. ಎ.ಸಿ. ಬೇಕೇ ಬೇಕೆಂದರೆ 24 ಡಿಗ್ರಿಗಿಟ್ಟು ಫ್ಯಾನ್ ಹಾಕಿಕೊಳ್ಳಿ. ಮಾಮೂಲಿ ಫ್ಯಾನಿಗೆ 75 ವಾಟ್ ಬೇಕು. ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು.

3. ಬೆಳಕು ತಗ್ಗಿಸಿ

ಟಿ.ವಿ.ಯ ಪಿಕ್ಚರ್ ಸೆಟ್ಟಿಂಗ್ ತೆರೆಯಿರಿ. ‘ವಿವಿಡ್’ ಎಂದಿದ್ದರೆ ‘ಸ್ಟ್ಯಾಂಡರ್ಡ್’ ಅಥವಾ ‘ಇಕೋ’ ಮಾಡಿ. ಕಣ್ಣಿಗೂ ಹಿತ, ಕರೆಂಟೂ ಉಳಿತಾಯ.

4. ಡೇಟಾ ಮಿತವಾಗಿರಲಿ

ಎಚ್‌ಡಿ ಗಂಟೆಗೆ ಸುಮಾರು 3 ಜಿ.ಬಿ. ನುಂಗಿದರೆ 4ಕೆ 7 ಜಿ.ಬಿ.ವರೆಗೂ ನುಂಗಬಹುದು. 32 ಇಂಚಿನ ಟಿ.ವಿ.ಗೆ ಎಚ್‌ಡಿ ಧಾರಾಳ. ಮಕ್ಕಳು ಮತ್ತೆ ಮತ್ತೆ ನೋಡುವ ಚಿತ್ರವನ್ನು ಒಮ್ಮೆ ವೈಫೈಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

5. ಹೊತ್ತು ನೋಡಿಕೊಳ್ಳಿ

ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಗಾಳಿ ಬಿಟ್ಟಿ. ಹಳೆಯ ಬಿಳಿ ಹತ್ತಿ ದುಪ್ಪಟಿ ಬಿಗಿಯಾಗಿ ಕಟ್ಟಿ ಸಣ್ಣ ಎಲ್‌ಇಡಿ ಪ್ರೊಜೆಕ್ಟರ್ ಇಟ್ಟರೆ ಕೂಲರೂ ಬೇಡ. ನೆರೆಮನೆಯವರಿಗೆ ತೊಂದರೆಯಾಗದಂತೆ ಸದ್ದು ಕಡಿಮೆ ಇಡಿ. ಮಾಳಿಗೆ ಮೇಲೆ ಸೋಲಾರ್ ಇರುವವರು ಹಗಲು ಹೊತ್ತಿನಲ್ಲೇ ಸಿನಿಮಾ ಹಾಕಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ.

6. ತಿಂಡಿ ಮನೆಯದ್ದೇ ಇರಲಿ

ಹುರಿದ ಶೇಂಗಾ, ಮಂಡಕ್ಕಿ ಒಗ್ಗರಣಿ, ಜೊತೆಗೆ ಎರಡು ಮಿರ್ಚಿ. ಸ್ಟೀಲ್ ಬಟ್ಟಲಲ್ಲಿ ಹಾಕಿಕೊಟ್ಟರೆ ಚಿಪ್ಸ್ ಪಾಕೀಟಿನ ಪ್ಲಾಸ್ಟಿಕ್ ಮನೆಗೆ ಬರುವುದೇ ಇಲ್ಲ.

7. ಗೋಡೆಯ ಸ್ವಿಚ್ ಆರಿಸಿ

ಮರೆಯಬಾರದ ಹೆಜ್ಜೆ ಇದು. ರಿಮೋಟ್ ಒತ್ತಿದರೆ ಪರದೆ ಆರುತ್ತದೆ, ಸೆಟ್‌ಟಾಪ್ ಬಾಕ್ಸ್ ಆರುವುದಿಲ್ಲ. ಹತ್ತು ವಾಟ್ ಎಳೆಯುವ ಬಾಕ್ಸ್ ದಿನಕ್ಕೆ 20 ಗಂಟೆ ಸುಮ್ಮನೆ ಉರಿದರೆ ತಿಂಗಳಿಗೆ 6 ಯೂನಿಟ್ ಹೋಯಿತು. ಅದು ಇಪ್ಪತ್ತು ಸಿನಿಮಾದ ಕರೆಂಟ್!

8. ಹಳೆಯ ಟಿ.ವಿ. ಒಡೆಯಬೇಡಿ

ಡಬ್ಬಾ ಟಿ.ವಿ.ಯ ಗಾಜಿನಲ್ಲಿ ಸೀಸವಿರುತ್ತದೆ. ಬಿಡಿಬಿಡಿಯಾಗಿ ಒಡೆದು ಮಾರುವವರಿಗೆ ಕೊಡದೆ, ಹೊಸದನ್ನು ಕೊಳ್ಳುವಾಗ ಎಕ್ಸ್‌ಚೇಂಜ್ ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದರ ಮರುಬಳಕೆಯ ಹೊಣೆ ತಯಾರಕರದ್ದು.

ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಒಂದು ದಿನ ಎ.ಸಿ. ಹಾಕಿ, ಇನ್ನೊಂದು ದಿನ ಕೂಲರ್ ಹಾಕಿ ಸಿನಿಮಾ ನೋಡಿ; ಮೊದಲೂ ಕೊನೆಗೂ ಮೀಟರಿನ ಅಂಕಿ ಬರೆದಿಡಲಿ. ಸ್ವಂತ ಕೈಯಿಂದ ಕಳೆದು ನೋಡಿದ ಮಕ್ಕಳು ಸ್ವಿಚ್ ಆರಿಸಲು ಇನ್ನೊಬ್ಬರು ಹೇಳಲಿ ಎಂದು ಕಾಯುವುದಿಲ್ಲ.